ಅಂಗಡಿಗೆ, ಮನೆಗೆ ನೀರು ನುಗ್ಗಿದರೆ: ಇನ್ಶೂರೆನ್ಸ್ ಕ್ಲೈಮ್‌ನಿಂದ ಗ್ರಾಹಕ ಆಯೋಗದವರೆಗೆ

ನಮ್ಮ ಕಡೆ ನೀರು ಅಂದ ಕೂಡಲೇ ನೆನಪಾಗುವುದು ಕೊರತೆ. ಚಿತ್ರದುರ್ಗಕ್ಕೆ ಬರದ ಜಿಲ್ಲೆ ಅಂತಲೇ ಹೆಸರು. ಹಾಗಾಗಿ ಅಂಗಡಿಗೋ ಮನೆಗೋ ಇನ್ಶೂರೆನ್ಸ್ ಮಾಡಿಸುವಾಗ ಜನ ಬೆಂಕಿ, ಕಳ್ಳತನ ಎರಡನ್ನೇ ವಿಚಾರಿಸುತ್ತಾರೆ. ನೀರಿನ ಮಾತು ಯಾರೂ ಎತ್ತಲ್ಲ. ಆದರೆ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, 89 ವರ್ಷ ಬಿಟ್ಟು 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಹರಿಹರ, ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ತುಂಗಭದ್ರೆ ಬರುವುದು ಹೊಸದೇನಲ್ಲ. ದಾವಣಗೆರೆ ಪೇಟೆಗಂತೂ ಹೊಳೆಯೇ ಬೇಕಿಲ್ಲ. ಒಂದು ಜೋರು ಮಳೆ, ಕಸ ಕಟ್ಟಿಕೊಂಡ ಒಂದು ಚರಂಡಿ, ಅಷ್ಟೇ ಸಾಕು. ಬೇಸ್‌ಮೆಂಟಿನಲ್ಲಿಟ್ಟ ಬಟ್ಟೆ ಬಂಡಲ್, ಗೋಡೌನಿನ ಅಕ್ಕಿ, ಮಂಡಕ್ಕಿ ಚೀಲ ಒಂದೇ ರಾತ್ರಿಗೆ ಹಾಳು.

ಆಮೇಲೆ ಕ್ಲೈಮ್ ಹಾಕುತ್ತಾರೆ. ಸುಮಾರು ಜನಕ್ಕೆ ಬರುವ ಉತ್ತರ "ಇದು ಪಾಲಿಸಿಯಲ್ಲಿ ಬರಲ್ಲ" ಅಂತ. ಇಂಥ ಕೇಸುಗಳಲ್ಲಿ ನೀರು ಬಂತೋ ಇಲ್ಲವೋ ಅಂತ ಜಗಳ ಇರುವುದು ಅಪರೂಪ. ನೀರು ಹೇಗೆ ಬಂತು, ಎಲ್ಲಿಂದ ಬಂತು ಅನ್ನುವುದೇ ಜಗಳ. ಆ ಪ್ರಶ್ನೆಗೆ ಉತ್ತರ ಮೊದಲ ಎರಡು ದಿನದಲ್ಲಿ ನೀವು ಬರೆದ ಕಾಗದದಲ್ಲಿ, ತೆಗೆದ ಫೋಟೋದಲ್ಲಿ ಇರಬೇಕು. ವರ್ಷ ಕಳೆದ ಮೇಲೆ ವಕೀಲರು ಎಷ್ಟೇ ಚೆನ್ನಾಗಿ ವಾದ ಮಾಡಿದರೂ ಆ ಕಾಗದ ಬದಲಾಗಲ್ಲ. ಅದಕ್ಕೇ ಈ ಬರಹದಲ್ಲಿ ಕೋರ್ಟಿಗಿಂತ ಮುಂಚಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಪಾಲಿಸಿಯಲ್ಲಿ ನೀರು ಎಲ್ಲೆಲ್ಲಿದೆ ನೋಡಿ

2021ರ ಏಪ್ರಿಲ್ 1ರಿಂದ ಮನೆಗಳಿಗೆ "ಭಾರತ್ ಗೃಹ ರಕ್ಷಾ" ಅನ್ನುವ ಪಾಲಿಸಿ ಬಂದಿದೆ. ಒಂದು ಜಾಗದ ಕಟ್ಟಡ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ಅಂಗಡಿ, ಮಿಲ್ಲು, ಗೋಡೌನುಗಳಿಗೆ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಇದೆ. 5 ಕೋಟಿ ದಾಟಿ 50 ಕೋಟಿವರೆಗೆ "ಭಾರತ್ ಲಘು ಉದ್ಯಮ ಸುರಕ್ಷಾ". ಯಾವ ಕಂಪನಿಯಲ್ಲಿ ತಗೊಂಡರೂ ಇವುಗಳ ಮೂಲ ಷರತ್ತು ಒಂದೇ. ಜನ ಇವನ್ನು ಈಗಲೂ ಫೈರ್ ಪಾಲಿಸಿ ಅಂತಲೇ ಕರೆಯುತ್ತಾರೆ, ಆದರೆ ಇವುಗಳೊಳಗೆ ನೀರೂ ಇದೆ.

ನೀರಿಗೆ ಸಂಬಂಧಿಸಿದ ಮಾತು ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು, ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತ ಆಗುವುದು ಎಲ್ಲ ಸೇರಿದ ಸಾಲು. ಇನ್ನೊಂದು, ನೀರಿನ ಟ್ಯಾಂಕ್, ಪೈಪು ಒಡೆಯುವುದು ಅಥವಾ ತುಂಬಿ ಹರಿಯುವುದು. ಮಹಡಿ ಮೇಲಿನ ಸಿಂಟೆಕ್ಸ್ ಒಡೆದು ಕೆಳಗಿನ ಅಂಗಡಿ ನೆನೆದರೆ ಅದು ಈ ಎರಡನೇ ಸಾಲಿಗೆ ಸೇರುತ್ತದೆ. ವರ್ಷಗಟ್ಟಲೆ ಗೋಡೆಗೆ ಜಿನುಗಿ, ಪ್ಲಾಸ್ಟರ್ ಉದುರಿ, ಬೂಷ್ಟು ಹಿಡಿದದ್ದು ಮಾತ್ರ ಯಾವ ಸಾಲಿಗೂ ಸೇರಲ್ಲ. ಅದು ರಿಪೇರಿ ಮಾಡಿಸದೆ ಬಿಟ್ಟ ಮನೆ ಅಷ್ಟೇ ಅಂತ ಕಂಪನಿ ಹೇಳುತ್ತದೆ, ಗ್ರಾಹಕ ಆಯೋಗವೂ ಸಾಮಾನ್ಯವಾಗಿ ಒಪ್ಪುತ್ತದೆ.

ಪಾಲಿಸಿ ಷೆಡ್ಯೂಲಿನಲ್ಲಿ (ನಿಮ್ಮ ಹೆಸರು, ವಿಳಾಸ, ಮೊತ್ತ ಬರೆದಿರುವ ಹಾಳೆ) ಇನ್ನೂ ಮೂರು ವಿಷಯ ಇವತ್ತೇ ನೋಡಿ. ವಿಳಾಸ ಸರಿ ಇದೆಯಾ? ಅಂಗಡಿ ಮಂಡಿಪೇಟೆಯಲ್ಲಿ, ಗೋಡೌನ್ ಬೇರೆ ಕಡೆ ಇದ್ದರೆ ಎರಡೂ ವಿಳಾಸ ಬರೆದಿರಬೇಕು. ಬೇಸ್‌ಮೆಂಟ್ ಬಗ್ಗೆ ಏನಾದರೂ ಷರತ್ತು ಇದೆಯಾ? ಬ್ಯಾಂಕ್ ಸಾಲ ಇದ್ದರೆ, ಬ್ಯಾಂಕಿನವರು ಪ್ರೀಮಿಯಂ ಕಡಿದುಕೊಂಡು ನಿಜವಾಗಿ ರಿನ್ಯೂ ಮಾಡಿದ್ದಾರಾ? ಮಾಡದೇ ಇದ್ದರೆ ನಾಳೆ ನಿಮ್ಮ ಕೇಸು ಬ್ಯಾಂಕಿನ ಮೇಲೂ ಹಾಕಬೇಕಾಗುತ್ತದೆ.

2. ನೀರು ಬಂದ ದಿನ

ಕರೆಂಟ್ ಮೇನ್ ಆಫ್ ಮಾಡಿ. ಜೀವಕ್ಕಿಂತ ಮಾಲು ದೊಡ್ಡದಲ್ಲ.

ನೀರು ಇನ್ನೂ ನಿಂತಿರುವಾಗಲೇ ವಿಡಿಯೋ ಮಾಡಿ. ರಸ್ತೆಯಿಂದ ಶುರು ಮಾಡಿ, ಚರಂಡಿ ಉಕ್ಕುತ್ತಿರುವುದು, ಷಟರ್ ಕೆಳಗೆ ನೀರು ಒಳಗೆ ಬರುತ್ತಿರುವುದು, ಒಳಗಿನ ರ್‍ಯಾಕ್ ಎಲ್ಲವೂ ಒಂದೇ ವಿಡಿಯೋದಲ್ಲಿ, ನಡುವೆ ಕಟ್ ಇಲ್ಲದೆ ಬರಲಿ. ನೀರು ಇಳಿದ ಮೇಲೆ ಗೋಡೆ ಮೇಲೆ ಒಂದು ಕೆಸರಿನ ಗೆರೆ ಉಳಿಯುತ್ತದೆ. ಆ ಗೆರೆ ಪಕ್ಕ ಟೇಪು ಹಿಡಿದು, ಎಷ್ಟು ಅಡಿ ಅಂತ ಕಾಣುವ ಹಾಗೆ ಫೋಟೋ ತೆಗೆಯಿರಿ. ಗೋಡೆ ತೊಳೆಯುವ ಅವಸರ ಬೇಡ. ಇಡೀ ಕೇಸಿನಲ್ಲಿ ಆ ಗೆರೆಗಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ಮೇಲಿಂದ ಸೋರಿದ ನೀರು ಅಂಥ ಗೆರೆ ಬಿಡಲ್ಲ, ನೆಲದಿಂದ ಏರಿದ ನೀರು ಮಾತ್ರ ಬಿಡುತ್ತದೆ.

ಅದೇ ದಿನ ಕಂಪನಿಯ ಟೋಲ್ ಫ್ರೀಗೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ. ಅಷ್ಟಕ್ಕೇ ಬಿಡದೆ ಇಮೇಲ್ ಕೂಡ ಮಾಡಿ. ಏಜೆಂಟ್‌ಗೆ ವಾಟ್ಸಾಪ್ ಮಾಡಿದೆ ಅಂತ ಸುಮ್ನೆ ಕೂರಬೇಡಿ, ಏಜೆಂಟ್‌ಗೆ ಹೇಳಿದ್ದು ಕಂಪನಿಗೆ ಹೇಳಿದ ಹಾಗಲ್ಲ ಅಂತ ನಾಳೆ ವಾದ ಮಾಡುತ್ತಾರೆ.

ಒಣಗಿರುವ ಮಾಲನ್ನು ಬೇರೆ ಮಾಡಿ ಎತ್ತರದಲ್ಲಿಡಿ. ನಷ್ಟ ಇನ್ನೂ ಜಾಸ್ತಿ ಆಗದ ಹಾಗೆ ನೋಡಿಕೊಳ್ಳುವುದು ಪಾಲಿಸಿಯ ಷರತ್ತೇ. ನೆಂದ ಮಾಲನ್ನು ಮಾತ್ರ ಎಸೆಯಬೇಡಿ, ಮಾರಬೇಡಿ. ವಾಸನೆ ಬರುತ್ತಿದೆ, ಇಡಲು ಆಗಲ್ಲ ಅಂದರೆ ಇಮೇಲಿನಲ್ಲಿ ಹಾಗಂತ ಬರೆದು, ಇಂಥ ದಿನದೊಳಗೆ ಸರ್ವೇಯರ್ (ನಷ್ಟ ಎಷ್ಟು ಅಂತ ನೋಡಲು ಕಂಪನಿ ನೇಮಿಸುವವರು) ಬರದಿದ್ದರೆ ಫೋಟೋ ತೆಗೆದು ವಿಲೇವಾರಿ ಮಾಡುತ್ತೇವೆ ಅಂತ ತಿಳಿಸಿ. ಅಕ್ಕಿ, ಮಂಡಕ್ಕಿ, ಮೆಣಸಿನಕಾಯಿ ಗೋಡೌನಿನವರಿಗೆ ಈ ಸಾಲು ತುಂಬಾ ಮುಖ್ಯ.

ಮಹಾನಗರ ಪಾಲಿಕೆ ಅಥವಾ ತಹಶೀಲ್ದಾರ್ ಕಚೇರಿಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರೆ ಅದರ ನಕಲು ತಗೊಳ್ಳಿ. ಮಳೆ ಎಷ್ಟು ಬಿತ್ತು ಅನ್ನುವುದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಲೆಕ್ಕ ಇದೆ. ಅವರ ಮಳೆಮಾಪಕಗಳು ಹಳ್ಳಿಗಾಡಿನವರೆಗೂ ಇವೆ. "ಆ ದಿನ ಅಂಥ ಮಳೆಯೇ ಆಗಿಲ್ಲ" ಅನ್ನುವ ವಾದಕ್ಕೆ ಆ ಒಂದು ಹಾಳೆ ಸಾಕು.

3. ಪತ್ರದಲ್ಲಿ ನೀರು ಬಂದ ದಾರಿ ಬರೆಯಿರಿ

ಕ್ಲೈಮ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಗಾಬರಿಯಲ್ಲಿ ಎಲ್ಲರೂ ಬರೆಯುವ ಸಾಲು ಇದು: "ಮಳೆಯಿಂದ ಅಂಗಡಿಯಲ್ಲಿ ನೀರು ಸೋರಿ ಮಾಲು ಹಾಳಾಗಿದೆ." ಸೋರಿಕೆ ಅಂತ ನೀವೇ ಬರೆದುಕೊಟ್ಟಿರಿ. ಮುಂದೆ ಎರಡು ವರ್ಷ ಕಂಪನಿಯ ವಕೀಲರು ಅದೊಂದೇ ಪದ ಹಿಡಿದುಕೊಂಡು ಕೂರುತ್ತಾರೆ.

ಅದರ ಬದಲು ನಡೆದದ್ದನ್ನು ನಡೆದ ಹಾಗೆ, ನೀರಿನ ಹಿಂದೆಯೇ ನಡೆದು ಬಂದ ಹಾಗೆ ಬರೆಯಿರಿ. ಬಟ್ಟೆ ಅಂಗಡಿಗಾದರೆ ಹೀಗಿರಬಹುದು:

"ದಿನಾಂಕ ____ ರಾತ್ರಿ ಸುಮಾರು 9 ಗಂಟೆಗೆ ಶುರುವಾದ ಜೋರು ಮಳೆಗೆ ಅಂಗಡಿ ಮುಂದಿನ ಚರಂಡಿ ತುಂಬಿ ಉಕ್ಕಿತು. ರಸ್ತೆ ಮೇಲೆ ಹರಿದ ನೀರು ಮುಂಬಾಗಿಲ ಷಟರ್ ಕೆಳಗಿನಿಂದ ಒಳಗೆ ನುಗ್ಗಿ, ನೆಲದಿಂದ ಎರಡೂವರೆ ಅಡಿ ನಿಂತಿತ್ತು. ಕೆಳಗಿನ ಎರಡು ಸಾಲಿನ ರ್‍ಯಾಕಿನಲ್ಲಿದ್ದ ಸೀರೆ, ಪ್ಯಾಂಟ್ ಪೀಸ್, ಟವೆಲ್ ಬಂಡಲ್ ನೆನೆದು ಕೆಸರಾಗಿವೆ. ಮೇಲಿನ ರ್‍ಯಾಕಿನ ಮಾಲಿಗೆ ಏನೂ ಆಗಿಲ್ಲ. ಗೋಡೆ ಮೇಲೆ ನೀರಿನ ಗೆರೆ ಹಾಗೇ ಇದೆ. ನೆಂದ ಮಾಲನ್ನು ಬೇರೆ ತೆಗೆದಿಟ್ಟಿದ್ದೇವೆ. ಸರ್ವೇಯರ್ ಅವರನ್ನು ಬೇಗ ಕಳಿಸಿಕೊಡಿ."

ಮೇಲಿನ ರ್‍ಯಾಕಿಗೆ ಏನೂ ಆಗಿಲ್ಲ ಅನ್ನುವ ಸಾಲನ್ನು ಬೇಕೆಂದೇ ಹಾಕಿದ್ದೇನೆ. ಅದು ಪ್ರಾಮಾಣಿಕತೆಯೂ ಹೌದು, ನೀರು ಕೆಳಗಿಂದ ಬಂತು ಅನ್ನುವುದಕ್ಕೆ ಪುರಾವೆಯೂ ಹೌದು. ಗಾಳಿಗೆ ಶೀಟು ಹಾರಿ ಮೇಲಿಂದ ನೀರು ಬಿದ್ದಿದ್ದರೆ ಅದನ್ನೇ ಬರೆಯಿರಿ. ಶೀಟು ಎಲ್ಲಿ ಹೋಗಿ ಬಿತ್ತು ಅಂತಲೂ ಬರೆಯಿರಿ. ಆಗ ಅದು ಬಿರುಗಾಳಿಯ ನಷ್ಟ. ಇಲ್ಲದ್ದನ್ನು ಸೇರಿಸಲು ಮಾತ್ರ ಹೋಗಬೇಡಿ. ಸುಳ್ಳು ಲೆಕ್ಕ ಕೊಟ್ಟದ್ದು ಸಾಬೀತಾದರೆ ನಿಜವಾದ ನಷ್ಟದ ದುಡ್ಡೂ ಹೋಗುತ್ತದೆ, ಪಾಲಿಸಿಯಲ್ಲೇ ಆ ಷರತ್ತಿದೆ.

ಪ್ರವಾಹ ಅಂದರೆ ಹೊಳೆ ಉಕ್ಕಬೇಕು, ಬರೀ ಮಳೆನೀರು ನಿಂತರೆ ಅದು ಪ್ರವಾಹ ಅಲ್ಲ ಅನ್ನುವುದು ಕಂಪನಿಗಳ ಹಳೇ ವಾದ. ಇದಕ್ಕೆ ಸುಪ್ರೀಂ ಕೋರ್ಟ್ 2020ರಲ್ಲಿ ಉತ್ತರ ಕೊಟ್ಟಿದೆ. ಓರಿಯೆಂಟಲ್ ಇನ್ಶೂರೆನ್ಸ್ ಮತ್ತು ಜೆ.ಕೆ. ಸಿಮೆಂಟ್ ವರ್ಕ್ಸ್ ನಡುವಿನ ಕೇಸು ಅದು. ಜೋರು ಮಳೆಗೆ ಕಾರ್ಖಾನೆಯ ಕಲ್ಲಿದ್ದಲು ಕೊಚ್ಚಿಹೋಗಿತ್ತು. ಪಾಲಿಸಿಯಲ್ಲಿ ಪ್ರವಾಹದ ಜೊತೆಗೆ ಜಲಾವೃತ ಅನ್ನುವ ಮಾತೂ ಇದೆ, ಒಣನೆಲದ ಮೇಲೆ ನೀರು ಸೇರಿಕೊಂಡರೂ ಅದರೊಳಗೆ ಬರುತ್ತದೆ ಅಂತ ಕೋರ್ಟ್ ಹೇಳಿ ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಪೇಟೆಯ ಚರಂಡಿ ನೀರಿನ ಕೇಸಿಗೆ ನನ್ನ ಪ್ರಕಾರ ಇದಕ್ಕಿಂತ ಹತ್ತಿರದ ತೀರ್ಪು ಬೇರೆ ಇಲ್ಲ. ಕಾಗದದ ಮೇಲೆ ಹೆಸರು ಬರೆದಿಟ್ಟುಕೊಳ್ಳಿ.

4. ಸರ್ವೇಯರ್ ಬಂದಾಗ

ಈಗಿನ ನಿಯಮದಂತೆ ನೀವು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ತಡವಾದರೆ ಪ್ರತಿ ಸಲವೂ ಒಂದು ಸಾಲಿನ ಇಮೇಲ್ ಕಳಿಸುತ್ತಾ ಹೋಗಿ. ಮುಂದೆ ಸೇವಾ ನ್ಯೂನತೆ ಅಂತ ತೋರಿಸಲು ಅದೇ ದಾಖಲೆ.

ಸರ್ವೇಯರ್ ಒಬ್ಬರನ್ನೇ ಓಡಾಡಲು ಬಿಡಬೇಡಿ. ಜೊತೆಗಿದ್ದು ನೀರಿನ ಗೆರೆ, ಚರಂಡಿ, ಬಾಗಿಲು ತೋರಿಸಿ. ನಿಮ್ಮದೇ ಮಾಲಿನ ಪಟ್ಟಿ ಎರಡು ಪ್ರತಿ ಮಾಡಿ, ಒಂದಕ್ಕೆ ಅವರ ಸಹಿ ಪಡೆಯಿರಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಇಂಗ್ಲಿಷ್‌ನಲ್ಲಿ ಬರೆದ ಹೇಳಿಕೆ ಕೊಟ್ಟರೆ ಯಾರ ಹತ್ತಿರವಾದರೂ ಓದಿಸಿ, ಅರ್ಥವಾದ ಮೇಲೆ ಸಹಿ ಮಾಡಿ. ಅಲ್ಲಿ ಯಾವ ಪದ ಇದೆ ಅಂತ ನೋಡಿ: ನೀರು ನುಗ್ಗಿದೆ ಅಂತ ಇದೆಯಾ, ಜಿನುಗಿದೆ ಅಂತ ಇದೆಯಾ?

ಕೇಳಿದ ದಾಖಲೆಗಳನ್ನು ಒಂದೇ ಸಲಕ್ಕೆ, ಪಟ್ಟಿ ಸಮೇತ ಕೊಡಿ. ಖರೀದಿ ಬಿಲ್, ಜಿಎಸ್‌ಟಿ ರಿಟರ್ನ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್, ಹಿಂದಿನ ವರ್ಷದ ಲೆಕ್ಕಪತ್ರ ಬೇಕಾಗುತ್ತವೆ. ಬ್ಯಾಂಕಿಗೆ ಒಂದು ಸ್ಟಾಕ್, ಕ್ಲೈಮಿಗೆ ಇನ್ನೊಂದು ಸ್ಟಾಕ್ ತೋರಿಸಿದ್ದರೆ ಸಿಕ್ಕಿಬೀಳುತ್ತೀರಿ.

ವರದಿಯ ಪ್ರತಿ ಕೇಳಿ ಪಡೆಯುವುದು ನಿಮ್ಮ ಹಕ್ಕು. ವರದಿ ನಿಮಗೆ ವಿರುದ್ಧವಾಗಿದ್ದರೆ ಕೈಚೆಲ್ಲಬೇಡಿ. ಸರ್ವೇಯರ್ ವರದಿಯೇ ಕೊನೇ ಮಾತಲ್ಲ ಅಂತ ನ್ಯೂ ಇಂಡಿಯಾ ಅಶೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಕೇಸಿನಲ್ಲಿ 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಯೇ, ತನಗೆ ಬೇಕಾದ ವರದಿ ಬರುವವರೆಗೆ ಒಬ್ಬರಾದ ಮೇಲೆ ಒಬ್ಬರು ಸರ್ವೇಯರ್ ನೇಮಿಸುತ್ತಾ ಹೋಗಲು ಕಂಪನಿಗೂ ಅವಕಾಶ ಇಲ್ಲ. ವೆಂಕಟೇಶ್ವರ ಸಿಂಡಿಕೇಟ್ ಕೇಸಿನಲ್ಲಿ ಅದೇ ವರ್ಷ ಈ ಮಾತು ಬಂದಿದೆ.

5. ದುಡ್ಡು ಎಲ್ಲಿ ಕಡಿಯುತ್ತಾರೆ?

ಕ್ಲೈಮ್ ಒಪ್ಪಿದರೂ ಕೈಗೆ ಬರುವುದು ಕಡಿಮೆ. ಮುಖ್ಯ ಕಾರಣ, ಮಾಲಿನ ಬೆಲೆಗಿಂತ ಕಮ್ಮಿಗೆ ಪಾಲಿಸಿ ಮಾಡಿಸಿರುವುದು. ಅಂಗಡಿಯಲ್ಲಿ 40 ಲಕ್ಷದ ಮಾಲಿತ್ತು, ಪಾಲಿಸಿ 30 ಲಕ್ಷಕ್ಕಿತ್ತು ಅನ್ನಿ. ನಷ್ಟ 8 ಲಕ್ಷ ಆದರೆ ಕಂಪನಿ ಮುಕ್ಕಾಲು ಪಾಲು, ಅಂದರೆ 6 ಲಕ್ಷ ಲೆಕ್ಕ ಹಾಕುತ್ತದೆ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಈ ಕೊರತೆ ಶೇ 15ರ ಒಳಗಿದ್ದರೆ ಕಡಿತ ಮಾಡುವಂತಿಲ್ಲ. ಗೃಹ ರಕ್ಷಾದಲ್ಲಿ ಈ ಕಡಿತವೇ ಇಲ್ಲ. ಸರ್ವೇಯರ್ ಲೆಕ್ಕ ಬಂದ ಕೂಡಲೇ ಇದನ್ನು ನೋಡಿ.

ಜಿಎಸ್‌ಟಿ ಮೊತ್ತವನ್ನೂ ಕಡಿಯುತ್ತಾರೆ, ನೀವು ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ತಗೊಂಡಿದ್ದೀರಿ ಅಂತ. ಹಾಳಾದ ಮಾಲಿನ ಕ್ರೆಡಿಟ್ ವಾಪಸ್ ಮಾಡಬೇಕು ಅಂತ ಕಾನೂನಿದೆ. ವಾಪಸ್ ಮಾಡಿದ ದಾಖಲೆಯನ್ನು ಆಡಿಟರ್ ಹತ್ತಿರ ತೆಗೆಸಿಕೊಟ್ಟು ಆ ಮೊತ್ತವನ್ನೂ ಕೇಳಿ.

"ಇಷ್ಟಕ್ಕೆ ಒಪ್ಪಿ ಸಹಿ ಮಾಡಿದರೆ ನಾಳೆಯೇ ಹಣ" ಅಂದಾಗ ಕಷ್ಟದಲ್ಲಿರುವವರು ಸಹಿ ಮಾಡಿಬಿಡುತ್ತಾರೆ. ತಪ್ಪು ಅಂತ ನಾನು ಹೇಳಲ್ಲ, ಸಾಲದ ಕಂತು ಕಾಯಲ್ಲ. ಆದರೆ ಸಹಿ ಮಾಡಿದ ದಿನವೇ "ಉಳಿದ ಮೊತ್ತದ ಹಕ್ಕು ಬಿಟ್ಟುಕೊಟ್ಟಿಲ್ಲ, ಹಣದ ತುರ್ತಿಗೆ ಸಹಿ ಮಾಡಿದ್ದೇನೆ" ಅಂತ ಒಂದು ಇಮೇಲ್ ಹಾಕಿ. ಬಲವಂತಕ್ಕೋ ಮೋಸಕ್ಕೋ ಒಳಗಾಗಿ ಮಾಡಿದ ಸಹಿ ಕೇಸಿಗೆ ಅಡ್ಡಿಯಲ್ಲ ಅಂತ 1999ರ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ತೀರ್ಪು ಹೇಳುತ್ತದೆ. ಬಲವಂತ ಇತ್ತು ಅಂತ ತೋರಿಸುವ ಹೊಣೆ ಮಾತ್ರ ನಿಮ್ಮದೇ.

6. "ಕ್ಲೈಮ್ ತಿರಸ್ಕರಿಸಲಾಗಿದೆ" ಅಂತ ಪತ್ರ ಬಂದರೆ

ಪತ್ರವನ್ನು ನಿಧಾನವಾಗಿ ಓದಿ, ಕಾರಣಗಳ ಕೆಳಗೆ ಗೆರೆ ಎಳೆಯಿರಿ. ಕಂಪನಿ ಆ ಪತ್ರಕ್ಕೆ ಕಟ್ಟುಬಿದ್ದಿದೆ. ಅಲ್ಲಿ ಹೇಳದ ಹೊಸ ಕಾರಣವನ್ನು ಆಮೇಲೆ ಆಯೋಗದಲ್ಲಿ ತೆಗೆಯುವಂತಿಲ್ಲ ಅಂತ ಸೌರಾಷ್ಟ್ರ ಕೆಮಿಕಲ್ಸ್ ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಯಿಮಾತಿನಲ್ಲಿ "ಆಗಲ್ಲ" ಅಂದರೆ ಒಪ್ಪಬೇಡಿ, ಬರಹದಲ್ಲೇ ಕೇಳಿ.

ಬೇಸ್‌ಮೆಂಟ್ ಅನ್ನುವ ಕಾರಣ ಕೊಟ್ಟಿದ್ದರೆ 2022ರ ಟೆಕ್ಸ್‌ಕೊ ಮಾರ್ಕೆಟಿಂಗ್ ತೀರ್ಪು ಓದಿಸಿ. ಅದು ಬೆಂಕಿಯ ಕೇಸು. ಅಂಗಡಿ ಇದ್ದದ್ದೇ ಬೇಸ್‌ಮೆಂಟಿನಲ್ಲಿ, ಕಂಪನಿಗೆ ಅದು ಗೊತ್ತಿತ್ತು, ಆದರೂ ಬೇಸ್‌ಮೆಂಟಿಗೆ ಪಾಲಿಸಿ ಅನ್ವಯಿಸಲ್ಲ ಅನ್ನುವ ಷರತ್ತು ಹಿಡಿದು ಹಣ ಕೊಡಲಿಲ್ಲ. ಗ್ರಾಹಕನಿಗೆ ತಿಳಿಸದ ಅಂಥ ಷರತ್ತಿನ ಹಿಂದೆ ಕಂಪನಿ ಅಡಗಿಕೊಳ್ಳುವಂತಿಲ್ಲ ಅಂತ ಕೋರ್ಟ್ ಹೇಳಿತು. ಪಾಲಿಸಿಯ ಪೂರ್ತಿ ಪುಸ್ತಕ ನಿಮಗೆ ಕೊಟ್ಟಿದ್ದರಾ, ಬರೀ ಎರಡು ಹಾಳೆ ಷೆಡ್ಯೂಲ್ ಕೊಟ್ಟಿದ್ದರಾ ಅನ್ನುವುದು ಇಲ್ಲಿ ದೊಡ್ಡ ವಿಷಯ. ಷರತ್ತಿನಿಂದ ಕ್ಲೈಮ್ ಹೊರಗೆ ಬೀಳುತ್ತದೆ ಅಂತ ಸಾಬೀತು ಮಾಡುವ ಭಾರವೂ ಕಂಪನಿಯ ಮೇಲೇ ಇದೆ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ "ಬಿಮಾ ಭರೋಸಾ" ಪೋರ್ಟಲ್‌ನಲ್ಲಿ, ಇಲ್ಲವೇ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಇದರಿಂದಲೇ ಕೆಲವು ಕ್ಲೈಮ್ ಸರಿಹೋಗುತ್ತವೆ.

7. ಒಂಬುಡ್ಸ್‌ಮನ್ನೋ, ಆಯೋಗವೋ?

ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರು ತೀರ್ಮಾನಿಸುವ ಅಧಿಕಾರಿ) ಹತ್ತಿರ ಶುಲ್ಕ ಇಲ್ಲ, ವಕೀಲರೂ ಬೇಡ. ಮನೆ ಪಾಲಿಸಿ, ಒಬ್ಬರೇ ಮಾಲೀಕರ ವ್ಯಾಪಾರ, ಸೂಕ್ಷ್ಮ ಉದ್ಯಮದ ಪಾಲಿಸಿಗಳಿಗೆ 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಆದೇಶ ಕಂಪನಿಗೆ ಕಡ್ಡಾಯ, ನಿಮಗೆ ಒಪ್ಪಿಗೆ ಆಗದಿದ್ದರೆ ಮುಂದೆ ಹೋಗಬಹುದು. ಆದರೆ ಆಯೋಗದಲ್ಲಿ ಕೇಸು ಹಾಕಿದ ಮೇಲೆ ಇಲ್ಲಿಗೆ ಬರುವಂತಿಲ್ಲ.

ಲೆಕ್ಕದ ವ್ಯತ್ಯಾಸ ಮಾತ್ರ ಇದ್ದರೆ ಒಂಬುಡ್ಸ್‌ಮನ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೀರು ಹೇಗೆ ಬಂತು ಅನ್ನುವುದೇ ವಿವಾದ ಆಗಿ, ಸರ್ವೇಯರ್‌ಗೆ ಪ್ರಶ್ನೆ ಹಾಕಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವೇ ಸರಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಆಯೋಗ ಇದೆ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ.

ಸಿವಿಲ್ ಕೋರ್ಟ್ ಕೂಡ ಇದೆ. ಕೋರ್ಟ್ ಶುಲ್ಕ ಜಾಸ್ತಿ, ಸಮಯವೂ ಜಾಸ್ತಿ. ಮೋಸ, ಫೋರ್ಜರಿಯಂಥ ದೊಡ್ಡ ಆರೋಪ ಇದ್ದರೆ ಮಾತ್ರ ವಕೀಲರನ್ನು ಕೇಳಿ ಆ ದಾರಿ ಹಿಡಿಯಿರಿ.

8. ಜಿಲ್ಲಾ ಆಯೋಗದಲ್ಲಿ

ಜನ ತಪ್ಪು ತಿಳಿದಿರುವ ಒಂದು ವಿಷಯ ಮೊದಲು. ಯಾವ ಆಯೋಗ ಅನ್ನುವುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಕಟ್ಟಿದ ಪ್ರೀಮಿಯಂ ಮೇಲೆ ನಿಂತಿದೆ. ಪ್ರೀಮಿಯಂ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಹಾಗಾಗಿ 12 ಸಾವಿರ ಪ್ರೀಮಿಯಂ ಕಟ್ಟಿ 60 ಲಕ್ಷದ ನಷ್ಟ ಆಗಿದ್ದರೂ ದಾವಣಗೆರೆಯಲ್ಲೇ, ಶುಲ್ಕ ಇಲ್ಲದೆ ದೂರು ಕೊಡಬಹುದು.

"ನೀವು ವ್ಯಾಪಾರಿ, ಗ್ರಾಹಕ ಅಲ್ಲ" ಅಂತ ಕಂಪನಿ ಆಕ್ಷೇಪ ಎತ್ತುತ್ತದೆ. ನಷ್ಟ ತುಂಬಿಕೊಳ್ಳಲು ಮಾಡಿಸಿದ ಇನ್ಶೂರೆನ್ಸ್ ಲಾಭದ ವ್ಯವಹಾರ ಅಲ್ಲ ಅಂತ 2023ರ ಹರ್ಸೋಲಿಯಾ ಮೋಟರ್ಸ್ ತೀರ್ಪು ಇದಕ್ಕೆ ಉತ್ತರ.

ತಿರಸ್ಕಾರದ ಪತ್ರ ಬಂದ ಎರಡು ವರ್ಷದೊಳಗೆ ದೂರು ಹಾಕಿ. ಪತ್ರವೇ ಬರದೆ ಎಳೆದಾಡುತ್ತಿದ್ದರೆ ನೀರು ಬಂದ ದಿನದಿಂದಲೇ ಎರಡು ವರ್ಷ ಎಣಿಸಿ, ಅದರೊಳಗೆ ಹಾಕಿಬಿಡುವುದು ಸುರಕ್ಷಿತ. ಆನ್‌ಲೈನ್‌ನಲ್ಲಿ "ಇ-ಜಾಗೃತಿ" ಪೋರ್ಟಲ್ ಮೂಲಕವೂ ಸಲ್ಲಿಸಬಹುದು. ಗೊತ್ತಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಕೀಲರಿಗೆ ಕೊಡಲು ಶಕ್ತಿ ಇಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ.

ದೂರಿನಲ್ಲಿ ಕಥೆ ಉದ್ದ ಮಾಡಬೇಡಿ. ಪಾಲಿಸಿ ಯಾವುದು, ನೀರು ಯಾವ ದಾರಿಯಲ್ಲಿ ಬಂತು, ನಷ್ಟ ಎಷ್ಟು, ಕಂಪನಿ ಹೇಳಿದ ಕಾರಣ ಏನು, ಅದು ಯಾಕೆ ತಪ್ಪು, ನಿಮಗೆ ಏನು ಬೇಕು. ಇಷ್ಟೇ. ಕ್ಲೈಮ್ ಮೊತ್ತದ ಜೊತೆ ಬಡ್ಡಿ, ಮಾನಸಿಕ ಕಿರುಕುಳಕ್ಕೆ ಪರಿಹಾರ, ಕೇಸಿನ ಖರ್ಚು ಕೇಳಿ. ಫೋಟೋ, ವಿಡಿಯೋಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ (ಮೊಬೈಲಿನಂಥ ಸಾಧನದಿಂದ ಬಂದ ದಾಖಲೆ ಅಸಲಿ ಅನ್ನುವ ಹೇಳಿಕೆ) ಇಡಿ. ಅದಿಲ್ಲದಿದ್ದರೆ ಅಷ್ಟು ಕಷ್ಟಪಟ್ಟು ತೆಗೆದ ವಿಡಿಯೋ ಬಗ್ಗೆ ಆಕ್ಷೇಪ ಬರುತ್ತದೆ.

ನೋಟಿಸ್ ತಲುಪಿದ 30 ದಿನದಲ್ಲಿ ಕಂಪನಿ ಉತ್ತರ ಕೊಡಬೇಕು, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. 45 ದಿನ ದಾಟಿದ ಉತ್ತರವನ್ನು ತಗೊಳ್ಳುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ನೋಟಿಸ್ ತಲುಪಿದ ದಿನಾಂಕ ಬರೆದಿಟ್ಟುಕೊಂಡು, ದಾಟಿದ್ದರೆ ಮುಂದಿನ ವಾಯಿದೆಗೇ ಲಿಖಿತ ಆಕ್ಷೇಪ ಹಾಕಿ.

ಸಾಕ್ಷ್ಯ ಅಫಿಡವಿಟ್ ಮೂಲಕ ನಡೆಯುತ್ತದೆ. ಸರ್ವೇಯರ್‌ಗೆ ಲಿಖಿತ ಪ್ರಶ್ನಾವಳಿ ಕೊಡಲು ಅನುಮತಿ ಕೇಳಿ. ನೀವು ಸ್ಥಳಕ್ಕೆ ಯಾವ ದಿನ ಬಂದಿರಿ? ಗೋಡೆ ಮೇಲಿನ ಗೆರೆ ಅಳೆದಿರಾ? ಅಳೆಯದಿದ್ದರೆ ಯಾಕೆ? ಜಿನುಗಿದ ನೀರಾದರೆ ಕೆಳಗಿನ ರ್‍ಯಾಕ್ ಮಾತ್ರ ನೆನೆದು ಮೇಲಿನದು ಒಣಗಿರಲು ಹೇಗೆ ಸಾಧ್ಯ? ನಾಲ್ಕೇ ಪ್ರಶ್ನೆ, ಆದರೆ ಉತ್ತರ ಕೊಡುವುದು ಸುಲಭ ಅಲ್ಲ.

ನಡುವೆ ಆಯೋಗ ಮಧ್ಯಸ್ಥಿಕೆಗೆ ಕಳಿಸಬಹುದು. ಹೋಗಿ. ಹೋಗುವ ಮುಂಚೆ, ಎಷ್ಟಕ್ಕಿಂತ ಕೆಳಗೆ ಒಪ್ಪಲ್ಲ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಿಕೊಳ್ಳಿ. ಕಾನೂನಿನಲ್ಲಿ ಮೂರರಿಂದ ಐದು ತಿಂಗಳಲ್ಲಿ ತೀರ್ಪು ಅಂತ ಇದೆ, ವಾಸ್ತವದಲ್ಲಿ ಜಾಸ್ತಿ ಹಿಡಿಯುತ್ತದೆ. ವಾಯಿದೆ ತಪ್ಪಿಸಬೇಡಿ, ನೀವೇ ಗೈರಾದರೆ ದೂರು ವಜಾ ಆಗಬಹುದು.

9. ಆದೇಶ ಬಂದ ಮೇಲೆ

ಸೋತವರು 45 ದಿನದಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು, ಅದು ನಿಮಗೂ ಅನ್ವಯ. ಕಂಪನಿ ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತದ ಅರ್ಧ ಠೇವಣಿ ಇಡಲೇಬೇಕು. ನಿಮಗೆ ನೋಟಿಸ್ ಬಂದಾಗ ಠೇವಣಿ ಇಟ್ಟಿದ್ದಾರಾ ಅಂತ ವಕೀಲರಿಂದ ವಿಚಾರಿಸಿ. ಆ ಹಣ ಬಿಡುಗಡೆ ಮಾಡಿ ಅಂತ ಅರ್ಜಿ ಕೊಡಲೂ ಬರುತ್ತದೆ.

ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಅಂದರೆ ಅದೇ ಜಿಲ್ಲಾ ಆಯೋಗದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 71ರ ಕೆಳಗೆ ಅಮಲ್ಜಾರಿ ಅರ್ಜಿ ಹಾಕಿ. ಸಿವಿಲ್ ಕೋರ್ಟಿನ ಡಿಕ್ರಿ ಹಾಗೆ ಜಾರಿ ಮಾಡಿಸುವ ಅಧಿಕಾರ ಆಯೋಗಕ್ಕಿದೆ. ಸೆಕ್ಷನ್ 72ರಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ ಮೇಲಕ್ಕೆ ದಂಡ ಇದೆ. ಬ್ಯಾಂಕ್ ಸಾಲ ಇದ್ದವರು ಇನ್ನೊಂದು ವಿಷಯ ನೋಡಿ: ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಚೆಕ್ ಮೊದಲು ಸಾಲದ ಖಾತೆಗೆ ಹೋಗಿಬಿಡುತ್ತದೆ. ಮಾಲು ಮತ್ತೆ ತುಂಬಿಸಲು ಎಷ್ಟು ಬಿಡುತ್ತೀರಿ ಅಂತ ಆದೇಶ ಬರುವ ಮುಂಚೆಯೇ ಮ್ಯಾನೇಜರ್ ಹತ್ತಿರ ಬರಹದಲ್ಲಿ ಮಾತಾಡಿಕೊಳ್ಳಿ.